ಎರಡೇ ಪಥದ ಹೆದ್ದಾರಿ: ಕ್ಯಾಲಿಫೋರ್ನಿಯದ ಕರಾವಳಿ ರಸ್ತೆ ಮತ್ತು ಅಗಲೀಕರಣದ ವಿವಾದ

ರಸ್ತೆ ಅಗಲೀಕರಣವೆಂದರೆ ವಾಣಿಜ್ಯ ವಲಯವು ಸಾಮಾನ್ಯವಾಗಿ ಸ್ವಾಗತಿಸುವ ಸಂಗತಿ. ಸರಕು ಸಾಗಣೆಯ ಅವಧಿ ಕಡಿಮೆಯಾಗುತ್ತದೆ, ಇಂಧನ ಉಳಿಯುತ್ತದೆ, ರಸ್ತೆಯ ಇಕ್ಕೆಲಗಳ ನಿವೇಶನಗಳಿಗೆ ಬೆಲೆ ಬರುತ್ತದೆ ಎಂಬುದು ಇದರ ಹಿಂದಿರುವ ಲೆಕ್ಕಾಚಾರ. ಬಹುತೇಕ ಸಂದರ್ಭಗಳಲ್ಲಿ ಈ ಲೆಕ್ಕಾಚಾರ ತಪ್ಪೇನೂ ಆಗುವುದಿಲ್ಲ. ಆದರೆ ಕೆಲವೆಡೆ ರಸ್ತೆಯು ಸರಕನ್ನು ಸಾಗಿಸುವ ಸಾಧನ ಮಾತ್ರವಾಗಿರದೆ ತಾನೇ ಸರಕೂ ಆಗಿರುತ್ತದೆ. ಅಂತಹ ರಸ್ತೆಯಲ್ಲಿ ಸಂಚರಿಸಲೆಂದೇ ಜನ ದೂರದೂರುಗಳಿಂದ ಬರುತ್ತಾರೆ, ತಂಗುತ್ತಾರೆ, ಹಣ ವ್ಯಯಿಸುತ್ತಾರೆ. ಇಂತಹ ರಸ್ತೆಯನ್ನು ಅಗಲಗೊಳಿಸಿದಾಗ ಲಾಭವೆಷ್ಟು, ನಷ್ಟವೆಷ್ಟು ಎಂಬ ಪ್ರಶ್ನೆಗೆ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಒಂದನೆಯ ಸಂಖ್ಯೆಯ ಹೆದ್ದಾರಿಯಷ್ಟು ವಿವರವಾದ ಉತ್ತರವನ್ನು ಒದಗಿಸುವ ಉದಾಹರಣೆಗಳು ವಿರಳ.

ದಕ್ಷಿಣದ ಡೇನಾ ಪಾಯಿಂಟ್‌ನಿಂದ ಉತ್ತರದ ಲೆಗೆಟ್‌ವರೆಗೆ ಸುಮಾರು 656 ಮೈಲಿ, ಅಂದರೆ 1,055 ಕಿ.ಮೀ. ಉದ್ದದ ಈ ಹೆದ್ದಾರಿಯು ಬಹುಭಾಗ ಪೆಸಿಫಿಕ್ ಸಾಗರದ ಅಂಚನ್ನು ಹಿಡಿದೇ ಸಾಗುತ್ತದೆ. ಒಂದು ಕಡೆ ಅರಬ್ಬೀ ಸಮುದ್ರ, ಮತ್ತೊಂದು ಕಡೆ ಸೌಪರ್ಣಿಕಾ ನದಿ ಇರುವ ಮರವಂತೆಯ ದಾರಿಯಲ್ಲಿ ಒಮ್ಮೆಯಾದರೂ ಪ್ರಯಾಣಿಸಿದವರಿಗೆ ಇದರ ಆಕರ್ಷಣೆಯನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸವೆಂದರೆ ಅಲ್ಲಿ ನದಿಯ ಬದಲು ಕಡಿದಾದ ಬೆಟ್ಟವಿದೆ. ಮರವಂತೆಯಲ್ಲಿ ಹೆದ್ದಾರಿಯು ಚತುಷ್ಪಥವಾಗಿದೆ. ಕ್ಯಾಲಿಫೋರ್ನಿಯದ ಗ್ರಾಮೀಣ ಕರಾವಳಿಯಲ್ಲಿ ಅದು ಇಂದಿಗೂ ಎರಡೇ ಪಥದ್ದು. ಅದು ಹಾಗೆ ಉಳಿದದ್ದು ಸರ್ಕಾರದ ಬಳಿ ಹಣವಿಲ್ಲದ್ದರಿಂದಲ್ಲ, ಉಳಿಯಬೇಕೆಂದು ಅಲ್ಲಿನ ಜನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೋರಾಡಿದ್ದರಿಂದ.

ಕೈದಿಗಳು ಕಡಿದ ದಾರಿ

ಈ ಹೆದ್ದಾರಿಯ ಅತಿ ಪ್ರಸಿದ್ಧ ಭಾಗವಾದ ಬಿಗ್ ಸರ್ ಪ್ರದೇಶದಲ್ಲಿ ಬೆಟ್ಟವು ನೇರವಾಗಿ ಸಾಗರಕ್ಕೆ ಇಳಿಯುತ್ತದೆ. 1919ರಲ್ಲಿ ರಾಜ್ಯದ ಮತದಾರರು ಇಲ್ಲಿನ ರಸ್ತೆಗಾಗಿ ಬಾಂಡ್ ಮೂಲಕ ಹಣ ಎತ್ತಲು ಸಮ್ಮತಿಸಿದರು. ಸ್ಯಾನ್ ಕ್ವೆಂಟಿನ್ ಕಾರಾಗೃಹದ ಕೈದಿಗಳು ದಿನಕ್ಕೆ 35 ಸೆಂಟ್ ಕೂಲಿಗೆ ಬಂಡೆ ಸಿಡಿಸಿ ದಾರಿ ಕಡಿದರು. 1932ರಲ್ಲಿ ಸುಮಾರು 260 ಅಡಿ ಎತ್ತರದ ಬಿಕ್ಸ್‌ಬಿ ಕಮಾನು ಸೇತುವೆ ಸಿದ್ಧವಾಯಿತು. 1937ರಲ್ಲಿ ಕಾರ್ಮೆಲ್ ಮತ್ತು ಸ್ಯಾನ್ ಸಿಮಿಯನ್ ನಡುವಿನ ರಸ್ತೆ ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು. ಅದೇ ವರ್ಷ, ಸ್ಯಾನ್ ಫ್ರಾನ್ಸಿಸ್ಕೊ ನಗರದ ದಕ್ಷಿಣಕ್ಕೆ, ಹಿಂದೆ ಓಷನ್ ಶೋರ್ ರೈಲು ಕಂಪನಿ ಹಳಿ ಹಾಕಿ 1920ರಲ್ಲಿ ಕೈಬಿಟ್ಟಿದ್ದ ಬೆಟ್ಟದ ಅಂಚಿನಲ್ಲಿಯೂ ಹೆದ್ದಾರಿ ನಿರ್ಮಾಣವಾಯಿತು. ಡೆವಿಲ್ಸ್ ಸ್ಲೈಡ್ ಎಂದು ಕರೆಯಲಾಗುವ ಈ ಜಾಗ, ಹೆಸರೇ ಹೇಳುವಂತೆ, ಸದಾ ಜಾರುವ ನೆಲ. ರೈಲು ಕಂಪನಿ ಅನುಭವಿಸಿದ ಪಾಡನ್ನು ರಸ್ತೆಯೂ ಮುಂದೆ ಅನುಭವಿಸಿತು.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಹೆದ್ದಾರಿ ನಿರ್ಮಾಣದ ಯುಗ ಆರಂಭವಾಯಿತು. 1956ರ ಕೇಂದ್ರ ಹೆದ್ದಾರಿ ಕಾಯ್ದೆಯು ಅಂತರರಾಜ್ಯ ಹೆದ್ದಾರಿಗಳ ವೆಚ್ಚದ ಶೇ. 90ರಷ್ಟನ್ನು ಕೇಂದ್ರವೇ ಭರಿಸುವ ವ್ಯವಸ್ಥೆ ಮಾಡಿತು. 1959ರಲ್ಲಿ ಕ್ಯಾಲಿಫೋರ್ನಿಯದ ಶಾಸನಸಭೆಯು ಸುಮಾರು 12,000 ಮೈಲಿ ಉದ್ದದ ಫ್ರೀವೇ ಮತ್ತು ಎಕ್ಸ್‌ಪ್ರೆಸ್‌ವೇಗಳ ಜಾಲವನ್ನು ಅಂಗೀಕರಿಸಿತು. ಕರಾವಳಿ ರಸ್ತೆಯೂ ಈ ಉತ್ಸಾಹದಿಂದ ಹೊರಗುಳಿಯಲಿಲ್ಲ. ಬಿಗ್ ಸರ್‌ನ ಅಂಕುಡೊಂಕು ದಾರಿಯನ್ನು ನೇರಗೊಳಿಸಿ ಅಗಲಗೊಳಿಸುವ ಚಿಂತನೆ ನಡೆಯಿತು. ಡೆವಿಲ್ಸ್ ಸ್ಲೈಡ್‌ನ ಬೆಟ್ಟವನ್ನು ಬಳಸಿ ಒಳನಾಡಿನಲ್ಲಿ ಬಹುಪಥ ಬೈಪಾಸ್ ನಿರ್ಮಿಸುವ ಯೋಜನೆಯನ್ನು 1958ರಲ್ಲಿ ಮುಂದಿಡಲಾಯಿತು.

ಆದರೆ ಅದೇ ಕಾಲಕ್ಕೆ ವಿರೋಧವೂ ಹುಟ್ಟಿಕೊಂಡಿತ್ತು. 1959ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಆಡಳಿತ ಮಂಡಲಿಯು ನಗರದೊಳಗಿನ ಹತ್ತು ಫ್ರೀವೇ ಯೋಜನೆಗಳ ಪೈಕಿ ಏಳನ್ನು ತಿರಸ್ಕರಿಸಿತು. ಕೈಗೆ ಬಂದ ಹೆದ್ದಾರಿಯನ್ನು ಒಂದು ದೊಡ್ಡ ವಾಣಿಜ್ಯ ನಗರ ಬೇಡವೆಂದದ್ದು ಆ ಕಾಲಕ್ಕೆ ಅಚ್ಚರಿಯ ಸಂಗತಿ. ಬಿಗ್ ಸರ್‌ನಲ್ಲಿ ಸ್ಥಳೀಯ ನಿವಾಸಿಗಳು, ಅವರಲ್ಲೊಬ್ಬರಾಗಿದ್ದ ವಾಸ್ತುಶಿಲ್ಪಿ ನಥಾನಿಯಲ್ ಓವಿಂಗ್ಸ್ ಮತ್ತು ಆ ಕ್ಷೇತ್ರದ ಸೆನೆಟರ್ ಫ್ರೆಡ್ ಫಾರ್ ಅವರು ಫ್ರೀವೇ ಚಿಂತನೆಯನ್ನು ವಿರೋಧಿಸಿದರು. ಫಾರ್ ಅವರು ಮಂಡಿಸಿದ ಮಸೂದೆಯು 1963ರಲ್ಲಿ ಕಾನೂನಾಗಿ, ರಾಜ್ಯದಲ್ಲಿ ‘ನಿಸರ್ಗ ಸೌಂದರ್ಯದ ಹೆದ್ದಾರಿ’ ಎಂಬ ಪ್ರತ್ಯೇಕ ವರ್ಗ ಅಸ್ತಿತ್ವಕ್ಕೆ ಬಂದಿತು. ಮಾಂಟರೆ ಜಿಲ್ಲೆಯ ಈ ರಸ್ತೆಯೇ ಆ ವರ್ಗದ ಮೊದಲ ಹೆದ್ದಾರಿ. 1966ರಲ್ಲಿ ಅಧ್ಯಕ್ಷರ ಪತ್ನಿ ಲೇಡಿ ಬರ್ಡ್ ಜಾನ್ಸನ್ ಬಿಕ್ಸ್‌ಬಿ ಸೇತುವೆಯ ಬಳಿ ಇದರ ಸಮರ್ಪಣಾ ಸಮಾರಂಭದಲ್ಲಿ ಪಾಲ್ಗೊಂಡರು.

ಕಾಯ್ದೆಯಲ್ಲೊಂದು ಸಾಲು

ಘೋಷಣೆ, ಫಲಕ, ಸಮಾರಂಭಗಳಿಂದ ರಸ್ತೆ ಉಳಿಯುವುದಿಲ್ಲ. ಅದನ್ನು ಉಳಿಸಿದ್ದು ಕಾಯ್ದೆ. 1972ರಲ್ಲಿ ಕರಾವಳಿ ಸಂರಕ್ಷಣಾ ಮಸೂದೆಗಳು ಶಾಸನಸಭೆಯಲ್ಲಿ ಮುಂದೆ ಸಾಗದಿದ್ದಾಗ ನಾಗರಿಕ ಸಂಘಟನೆಗಳು ಸಹಿ ಸಂಗ್ರಹಿಸಿ ವಿಷಯವನ್ನು ನೇರವಾಗಿ ಮತದಾರರ ಮುಂದಿಟ್ಟವು. ‘ಪ್ರಸ್ತಾವ 20’ ಎಂಬ ಹೆಸರಿನ ಈ ಕಾನೂನಿಗೆ ಶೇ. 55ರಷ್ಟು ಮತ ದೊರೆಯಿತು ಮತ್ತು ಕರಾವಳಿ ಆಯೋಗ ಸ್ಥಾಪನೆಯಾಯಿತು. ಇದನ್ನು ಶಾಶ್ವತಗೊಳಿಸಿದ 1976ರ ಕರಾವಳಿ ಕಾಯ್ದೆಯ 30254ನೆಯ ಕಲಮಿನಲ್ಲಿ ಅಂದಿನ ಶಾಸಕರು ಒಂದು ವಾಕ್ಯವನ್ನು ಸೇರಿಸಿದರು: ಕರಾವಳಿ ವಲಯದ ಗ್ರಾಮೀಣ ಭಾಗಗಳಲ್ಲಿ ಒಂದನೆಯ ಸಂಖ್ಯೆಯ ಹೆದ್ದಾರಿಯು ರಮಣೀಯವಾದ ದ್ವಿಪಥ ರಸ್ತೆಯಾಗಿಯೇ ಉಳಿಯಬೇಕೆಂಬುದು ಶಾಸನಸಭೆಯ ಆಶಯ ಎಂಬುದು ಅದರ ತಾತ್ಪರ್ಯ.

ಒಂದು ರಸ್ತೆಯ ಪಥಗಳ ಸಂಖ್ಯೆಯನ್ನು ಎಂಜಿನಿಯರರ ಕೈಪಿಡಿಯಿಂದ ತೆಗೆದು ಶಾಸನದಲ್ಲಿ ಸೇರಿಸಿದ ಈ ಕ್ರಮ ಸಾಮಾನ್ಯವಾದುದಲ್ಲ. ವಾಹನಗಳ ಸಂಖ್ಯೆ ಹೆಚ್ಚಿದಂತೆ ರಸ್ತೆ ಅಗಲವಾಗಬೇಕೆಂಬ ಸಹಜ ತರ್ಕಕ್ಕೆ ಇಲ್ಲಿ ಕಾಯ್ದೆಯೇ ಅಡ್ಡ ನಿಂತಿತು. ಅದೇ ಕಲಮು ಮತ್ತೊಂದು ಸೂಚನೆಯನ್ನೂ ನೀಡುತ್ತದೆ. ರಸ್ತೆ, ನೀರು, ಒಳಚರಂಡಿಯಂತಹ ಸೌಲಭ್ಯಗಳ ಸಾಮರ್ಥ್ಯ ಸೀಮಿತವಾಗಿರುವಲ್ಲಿ ಸಾಗರವನ್ನೇ ಅವಲಂಬಿಸಿದ ಉದ್ಯಮ, ಅವಶ್ಯ ಸೇವೆಗಳು, ಪ್ರವಾಸಿಗರಿಗೆ ಒದಗಿಸುವ ಸೌಕರ್ಯ ಇವೇ ಮೊದಲಾದವುಗಳಿಗೆ ಆದ್ಯತೆ ಇರಬೇಕು. ಇತರ ನಿರ್ಮಾಣಗಳು ಇವುಗಳಿಗೆ ಅಡ್ಡಿಯಾಗಬಾರದು. ರಸ್ತೆಯ ಅಗಲ ನಿಶ್ಚಿತವಾದ ಮೇಲೆ ಅದನ್ನು ಯಾರು ಬಳಸಬೇಕು ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಕಾಯ್ದೆ ಅದಕ್ಕೂ ಉತ್ತರ ಬರೆದಿಟ್ಟಿತು. ವಾಣಿಜ್ಯ ದೃಷ್ಟಿಯಿಂದ ನೋಡುವವರಿಗೆ ಪಥಗಳ ಸಂಖ್ಯೆಗಿಂತ ಈ ಎರಡನೆಯ ಅಂಶವೇ ಹೆಚ್ಚು ಮುಖ್ಯವೆನಿಸೀತು. ಭಾರತದಲ್ಲಿ ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಹೊರಬಿದ್ದದ್ದು 1991ರಲ್ಲಿ.

ಬಿಗ್ ಸರ್‌ನಲ್ಲಿ 1986ರಲ್ಲಿ ಜಾರಿಗೆ ಬಂದ ಸ್ಥಳೀಯ ಯೋಜನೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆದ್ದಾರಿಯಿಂದ ಕಣ್ಣಿಗೆ ಬೀಳುವ ಜಾಗದಲ್ಲಿ ಹೊಸ ಕಟ್ಟಡಗಳಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅವಕಾಶವಿಲ್ಲವೆಂದಿತು. 1996ರಲ್ಲಿ ಕೇಂದ್ರ ಸರ್ಕಾರವು ಈ ಭಾಗಕ್ಕೆ ‘ಆಲ್ ಅಮೆರಿಕನ್ ರೋಡ್’ ಮಾನ್ಯತೆ ನೀಡಿತು. ನೋಡಲೆಂದೇ ಪ್ರಯಾಣ ಕೈಗೊಳ್ಳಲು ಯೋಗ್ಯವಾದ ರಸ್ತೆ ಎಂಬುದು ಈ ಮಾನ್ಯತೆಯ ಅರ್ಥ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಪ್ರವಾಸವನ್ನೇ ನೆಚ್ಚಿದ ಊರಿಗೆ ಒಂದೇ ರಸ್ತೆ, ಅದೂ ಎರಡೇ ಪಥದ್ದು ಎಂದಾದಾಗ ಅಪಾಯವೂ ಹೆಚ್ಚು. 2017ರ ಮಳೆಗಾಲದಲ್ಲಿ ಫೈಫರ್ ಕ್ಯಾನ್ಯನ್ ಸೇತುವೆ ಶಿಥಿಲಗೊಂಡು ಕೆಡವಬೇಕಾಯಿತು. ಹೊಸ ಸೇತುವೆ ಅಕ್ಟೋಬರಿನಲ್ಲಿ ತೆರೆಯುವವರೆಗೆ ಅಲ್ಲಿನ ಹೋಟೆಲುಗಳು, ಅಂಗಡಿಗಳು ಹೆಚ್ಚುಕಡಿಮೆ ದ್ವೀಪವಾಸಿಗಳಾದವು. ಅದೇ ಮೇ ತಿಂಗಳಲ್ಲಿ ಮಡ್ ಕ್ರೀಕ್ ಬಳಿ ಇಡೀ ಗುಡ್ಡವೇ ಸಾಗರಕ್ಕೆ ಜಾರಿ, 2018ರ ಜುಲೈವರೆಗೆ ಆ ದಾರಿ ಮುಚ್ಚಿತ್ತು. ಇದನ್ನು ಮತ್ತೆ ತೆರೆಯಲು ತಗುಲಿದ ವೆಚ್ಚ ಸುಮಾರು 5.4 ಕೋಟಿ ಡಾಲರ್. ಹಾಗೆಂದು ನಾಲ್ಕು ಪಥವಿದ್ದಿದ್ದರೆ ಗುಡ್ಡ ಜಾರುತ್ತಿರಲಿಲ್ಲವೆಂದು ಹೇಳಲಾಗದು. ಅಗಲ ರಸ್ತೆಗೆ ಬೆಟ್ಟವನ್ನು ಇನ್ನಷ್ಟು ಆಳವಾಗಿ ಕಡಿಯಬೇಕಾಗುತ್ತದೆ. ಕಡಿದಷ್ಟೂ ಇಳಿಜಾರು ದುರ್ಬಲವಾಗುತ್ತದೆ.

ಡೆವಿಲ್ಸ್ ಸ್ಲೈಡ್: ಐವತ್ತೈದು ವರ್ಷಗಳ ತಕರಾರು

ಸಮುದಾಯವೊಂದು ಕೇವಲ ‘ಬೇಡ’ ಎನ್ನದೆ ಪರ್ಯಾಯವನ್ನು ತಾನೇ ಮುಂದಿಟ್ಟು ಗೆದ್ದ ಪ್ರಕರಣ ಡೆವಿಲ್ಸ್ ಸ್ಲೈಡ್‌ನದು. ಪೆಸಿಫಿಕಾ ಮತ್ತು ಮೊಂಟಾರಾ ಊರುಗಳ ನಡುವಣ ಈ ತುಣುಕಿನಲ್ಲಿ ಬೆಟ್ಟದ ಬುಡವನ್ನು ಅಲೆಗಳು ಕೊರೆಯುತ್ತವೆ, ಮೇಲಿನಿಂದ ಮಳೆನೀರು ಇಂಗಿ ಸಡಿಲ ಶಿಲಾಪದರಗಳನ್ನು ಜಾರಿಸುತ್ತದೆ. ರಸ್ತೆ ಪದೇ ಪದೇ ಕುಸಿಯುತ್ತಿತ್ತು. ಇಲ್ಲಿ ರಸ್ತೆ ಮುಚ್ಚಿದರೆ ದಕ್ಷಿಣದ ಹಾಫ್ ಮೂನ್ ಬೇ ಪಟ್ಟಣಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ ಬರುವ ವಾಹನಗಳೆಲ್ಲ ಒಳನಾಡಿನ 92ನೆಯ ಸಂಖ್ಯೆಯ ಘಟ್ಟದ ರಸ್ತೆಯನ್ನೇ ಹಿಡಿಯಬೇಕು. ಹೂವು, ಕುಂಬಳಕಾಯಿ, ಮೀನುಗಾರಿಕೆ ಮತ್ತು ವಾರಾಂತ್ಯದ ಪ್ರವಾಸಿಗಳನ್ನು ನೆಚ್ಚಿಕೊಂಡ ಊರು ಅದು. 1971ರಿಂದ ಅಲ್ಲಿ ನಡೆಯುತ್ತಿರುವ ಕುಂಬಳಕಾಯಿ ಉತ್ಸವ ಪ್ರಸಿದ್ಧ. 1995ರ ಜನವರಿಯಲ್ಲಿ ಕುಸಿದ ರಸ್ತೆ 158 ದಿನ ಮುಚ್ಚಿತ್ತು. ಐದು ತಿಂಗಳು ಗಿರಾಕಿಯ ದಾರಿ ಕಡಿದುಹೋದರೆ ಏನಾಗುತ್ತದೆ ಎಂಬುದನ್ನು ಅಂಗಡಿ ಇಟ್ಟವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರುವಾಗ ಬೈಪಾಸ್ ಬೇಡವೆಂದವರು ಯಾರು, ಏಕೆ ಎಂಬುದು ಸಹಜ ಪ್ರಶ್ನೆ. 1958ರ ಯೋಜನೆಯ ಫ್ರೀವೇ ಮೊಂಟಾರಾ ಬೆಟ್ಟವನ್ನು ಏರಿ ಇಳಿಯಬೇಕಾಗಿತ್ತು. ಇದಕ್ಕಾಗಿ ಬೆಟ್ಟವನ್ನು ಬೃಹತ್ ಪ್ರಮಾಣದಲ್ಲಿ ಕಡಿದು ಕಣಿವೆಗಳನ್ನು ತುಂಬಬೇಕಿತ್ತು. ಆದರೆ ನಿವಾಸಿಗಳ ಮುಖ್ಯ ಆತಂಕ ಬೇರೆಯೇ ಆಗಿತ್ತು. ಅಗಲವಾದ ವೇಗದ ರಸ್ತೆ ಬಂದರೆ ನಗರದ ಉಪನಗರಗಳು ಕರಾವಳಿಗೆ ಇಳಿದು ಹೊಲಗದ್ದೆಗಳು ಬಡಾವಣೆಗಳಾಗುವುದು ನಿಶ್ಚಿತವೆಂಬುದು ಅವರ ವಾದ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಬೆಳವಣಿಗೆಯನ್ನು ಕಂಡವರಿಗೆ ಈ ವಾದ ಉತ್ಪ್ರೇಕ್ಷೆಯೆನಿಸಲಿಲ್ಲ.

1972ರಲ್ಲಿ ಸಿಯೆರಾ ಕ್ಲಬ್, ಕಮಿಟಿ ಫಾರ್ ಗ್ರೀನ್ ಫುಟ್‌ಹಿಲ್ಸ್ ಮೊದಲಾದ ಸಂಘಟನೆಗಳು ನ್ಯಾಯಾಲಯದ ಮೊರೆಹೊಕ್ಕವು. ಎರಡನೆಯ ಸಂಸ್ಥೆಯು 1962ರಲ್ಲಿ ಆರಂಭವಾದುದು. ಅದರ ಮೊದಲ ಅಧ್ಯಕ್ಷರು ಕಾದಂಬರಿಕಾರ ವಾಲೆಸ್ ಸ್ಟೆಗ್ನರ್. ಆಗಷ್ಟೇ ಜಾರಿಗೆ ಬಂದಿದ್ದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯ ಪ್ರಕಾರ ಪರಿಸರ ಪರಿಣಾಮದ ಅಧ್ಯಯನವಿಲ್ಲದೆ ಕಾಮಗಾರಿ ಆರಂಭಿಸುವಂತಿಲ್ಲವೆಂದು ನ್ಯಾಯಾಲಯ ತಡೆ ನೀಡಿತು. ಯೋಜನೆ ಮೂಲೆ ಸೇರಿತು. 1980ರ ದಶಕದ ಆರಂಭದಲ್ಲಿ ಮತ್ತೆ ಕುಸಿತಗಳಾಗಿ ರಸ್ತೆ ಮುಚ್ಚಿದಾಗ ಅದಕ್ಕೆ ಮರುಜೀವ ಬಂದಿತು. ಅಷ್ಟರಲ್ಲಿ ಕರಾವಳಿ ಕಾಯ್ದೆಯ ದ್ವಿಪಥದ ಕಲಮು ಜಾರಿಯಲ್ಲಿತ್ತು. ಆದ್ದರಿಂದ ರಾಜ್ಯದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್ ಸುಮಾರು 4.5 ಮೈಲಿಯ ಬೈಪಾಸನ್ನು ಎರಡು ಪಥದ ರಸ್ತೆಯೆಂದೂ, ಏರು ದಾರಿಯಲ್ಲಿ ನಿಧಾನ ವಾಹನಗಳಿಗಾಗಿ ಹೆಚ್ಚುವರಿ ಪಥವಿರುವುದೆಂದೂ ಮರುವಿನ್ಯಾಸಗೊಳಿಸಿತು. ಏರು ಎರಡೂ ಕಡೆಯಿಂದ ಇರುವಾಗ ಇದು ನಾಲ್ಕು ಪಥದ ರಸ್ತೆಗೆ ಹಾಕಿದ ಎರಡು ಪಥದ ವೇಷವೆಂದು ವಿರೋಧಿಗಳು ಟೀಕಿಸಿದರು. 1986ರಲ್ಲಿ ಕೇಂದ್ರದ ಒಪ್ಪಿಗೆ ದೊರೆತ ಬೆನ್ನಿಗೇ ಮತ್ತೆ ದಾವೆ ದಾಖಲಾಯಿತು. ಹಲವು ಆಕ್ಷೇಪಗಳನ್ನು ತಳ್ಳಿಹಾಕಿದರೂ, ಶಬ್ದಮಾಲಿನ್ಯದ ಪರಿಣಾಮವನ್ನು ಸರಿಯಾಗಿ ಅಧ್ಯಯನ ಮಾಡಿಲ್ಲವೆಂಬ ಒಂದು ಕಾರಣಕ್ಕೆ ನ್ಯಾಯಾಲಯ ಕಾಮಗಾರಿಯನ್ನು ತಡೆಯಿತು. ಬೃಹತ್ ಯೋಜನೆಯೊಂದು ಇಷ್ಟು ಸಣ್ಣ ಎಳೆಗೆ ಸಿಲುಕಿಕೊಂಡದ್ದು ಹಲವರಿಗೆ ವಿಚಿತ್ರವೆನಿಸಿತು. ಆದರೆ ಆ ಎಳೆ ಗಳಿಸಿಕೊಟ್ಟ ಕಾಲಾವಕಾಶದಲ್ಲಿ ಚರ್ಚೆಯ ದಿಕ್ಕೇ ಬದಲಾಯಿತು.

ಮತಪೆಟ್ಟಿಗೆಯಲ್ಲಿ ಸುರಂಗ

ಬೆಟ್ಟವನ್ನು ಸುತ್ತಿ ಹೋಗುವುದೂ ಬೇಡ, ಅಂಚಿನಲ್ಲಿ ಹೋಗುವುದೂ ಸಾಧ್ಯವಿಲ್ಲವೆಂದ ಮೇಲೆ ಉಳಿದ ಮಾರ್ಗ ಬೆಟ್ಟದೊಳಗಿನದು. ಜಾರುವ ಪದರಗಳ ಹಿಂದೆ, ಗಟ್ಟಿ ಶಿಲೆಯ ಮೂಲಕ ಸುರಂಗ ಕೊರೆಯಬೇಕೆಂಬ ಪ್ರಸ್ತಾವವನ್ನು ನಾಗರಿಕರು ಮುಂದಿಟ್ಟರು. ಇದು ತೀರಾ ದುಬಾರಿಯೆಂದು ಕ್ಯಾಲ್‌ಟ್ರಾನ್ಸ್ ಬಹಳ ಕಾಲ ಹೇಳುತ್ತಾ ಬಂದಿತ್ತು. 1995ರ ದೀರ್ಘ ಮುಚ್ಚುಗಡೆಯ ನಂತರ ಸ್ವತಂತ್ರ ಸಲಹಾ ಸಂಸ್ಥೆಯೊಂದರಿಂದ ಅಧ್ಯಯನ ಮಾಡಿಸಿದಾಗ, ಸುರಂಗವು ಕಾರ್ಯಸಾಧ್ಯವೆಂಬ ವರದಿ 1996ರಲ್ಲಿ ಹೊರಬಂದಿತು.

ಅದೇ ವರ್ಷದ ನವೆಂಬರ್ ಚುನಾವಣೆಯಲ್ಲಿ ಸ್ಯಾನ್ ಮಟೇಯೊ ಜಿಲ್ಲೆಯ ಮತದಾರರ ಮುಂದೆ ‘ಮೆಷರ್ ಟಿ’ ಬಂದಿತು. ಇಂತಿಷ್ಟು ಮತದಾರರ ಸಹಿ ಸಂಗ್ರಹಿಸಿದರೆ ಕಾನೂನಿನ ಕರಡನ್ನು ನೇರವಾಗಿ ಮತಕ್ಕೆ ಹಾಕಬಹುದಾದ ವ್ಯವಸ್ಥೆ ಕ್ಯಾಲಿಫೋರ್ನಿಯದಲ್ಲಿ 1911ರಿಂದಲೂ ಇದೆ. ಜಿಲ್ಲೆಯ ಕರಾವಳಿ ಯೋಜನೆಯಲ್ಲಿ ‘ಬೈಪಾಸ್’ ಎಂದಿದ್ದ ಕಡೆ ‘ಸುರಂಗ’ ಎಂದು ತಿದ್ದಬೇಕು; ಮತ್ತೆ ಮತದಾರರ ಅನುಮತಿಯಿಲ್ಲದೆ ಇದನ್ನು ಬದಲಾಯಿಸಬಾರದು ಎಂಬುದು ಅದರ ಸಾರ. ಇದಕ್ಕೆ ಶೇ. 74ರಷ್ಟು ಬೆಂಬಲ ದೊರೆಯಿತು. ಕರಾವಳಿಯ ಊರುಗಳಲ್ಲಿ ಒಮ್ಮತವಿತ್ತೆಂದು ಇದರಿಂದ ಭಾವಿಸಬಾರದು. ಬೇಗನೆ ಯಾವುದಾದರೂ ಒಂದು ರಸ್ತೆ ಆಗಲಿ ಎಂಬ ಬೇಡಿಕೆ ಬಲವಾಗಿಯೇ ಇತ್ತು ಮತ್ತು ಅದಕ್ಕೆ ಕಾರಣವೂ ಇತ್ತು. ಸುರಂಗದ ಪರವಾದವರ ಜಾಣ್ಮೆಯೆಂದರೆ, ‘ರಸ್ತೆ ಬೇಕೋ ಪರಿಸರ ಬೇಕೋ’ ಎಂಬ ಹಳೆಯ ಪ್ರಶ್ನೆಯನ್ನು ‘ಯಾವ ರಸ್ತೆ ಬೇಕು’ ಎಂದು ಬದಲಾಯಿಸಿದ್ದು. ವರ್ಷಗಟ್ಟಲೆ ಕುಸಿತದಿಂದ ಬೇಸತ್ತ ವ್ಯಾಪಾರಿಗೂ ಸುರಂಗಕ್ಕೆ ಮತ ನೀಡಲು ಕಾರಣ ದೊರೆಯಿತು.

ಹಣದ ವಿಷಯದಲ್ಲಿ ಮತ್ತೊಂದು ತೊಡಕಿತ್ತು. ಕುಸಿತದ ಪರಿಹಾರಕ್ಕೆಂದು ಮೀಸಲಾಗಿದ್ದ ಕೇಂದ್ರದ ತುರ್ತು ನಿಧಿ ಬೈಪಾಸಿಗೆ ಸೇರಿದ್ದು. ಅದನ್ನು ಸುರಂಗಕ್ಕೆ ಬಳಸಲು ಅವಕಾಶ ದೊರೆಯುವಂತೆ ಮಾಡುವಲ್ಲಿ ಅಲ್ಲಿನ ಸಂಸದ ಟಾಮ್ ಲ್ಯಾಂಟೋಸ್ ಅವರು ಶ್ರಮಿಸಿದರು. ಆದರೂ ಕಾಮಗಾರಿ ಆರಂಭವಾದದ್ದು 2005ರಲ್ಲಿ. ಮರುವರ್ಷವೇ, ಅಂದರೆ 2006ರ ಏಪ್ರಿಲ್‌ನಲ್ಲಿ, ಹಳೆಯ ರಸ್ತೆ ಮತ್ತೆ ಕುಸಿದು ಆಗಸ್ಟ್‌ವರೆಗೆ ನಾಲ್ಕು ತಿಂಗಳು ಮುಚ್ಚಿತು.

ಅವಳಿ ಸುರಂಗಗಳು 2013ರ ಮಾರ್ಚ್‌ನಲ್ಲಿ ಸಂಚಾರಕ್ಕೆ ತೆರೆದವು. 2008ರಲ್ಲಿ ನಿಧನರಾಗಿದ್ದ ಲ್ಯಾಂಟೋಸ್ ಅವರ ಹೆಸರನ್ನೇ ಅವುಗಳಿಗೆ ಇಡಲಾಯಿತು. ಪ್ರತಿಯೊಂದರ ಉದ್ದ ಸುಮಾರು 4,200 ಅಡಿ, ಎಂದರೆ 1.3 ಕಿ.ಮೀ.ನಷ್ಟು. ಪ್ರತಿ ಸುರಂಗದಲ್ಲಿ ಒಂದೇ ಪಥ. ಬದಿಯಲ್ಲಿ ಕೆಟ್ಟುನಿಂತ ವಾಹನಕ್ಕೂ ತುರ್ತು ಸೇವೆಗೂ ಸಾಲುವಷ್ಟು ಅಗಲದ ಜಾಗವಿದೆ. ಎರಡು ಸುರಂಗ, ಎರಡು ಪಥ: ಕಾಯ್ದೆಯ ಆ ಸಾಲು ಬೆಟ್ಟದೊಳಗೂ ಪಾಲನೆಯಾಗಿದೆ. ಕೊರೆಯಲು ಅನುಸರಿಸಿದ್ದು ‘ಹೊಸ ಆಸ್ಟ್ರಿಯನ್ ಸುರಂಗ ವಿಧಾನ’. ಇದರಲ್ಲಿ ಸ್ವಲ್ಪ ಸ್ವಲ್ಪವೇ ಅಗೆದು, ಕೂಡಲೇ ಗೋಡೆಗೆ ಕಾಂಕ್ರೀಟ್ ಸಿಂಪಡಿಸಿ, ಶಿಲೆಯ ಚಲನೆಯನ್ನು ಅಳೆಯುತ್ತಾ, ಮುಂದಿನ ಹಂತದ ಆಧಾರವನ್ನು ಅದಕ್ಕೆ ತಕ್ಕಂತೆ ನಿರ್ಧರಿಸಲಾಗುತ್ತದೆ. ಜಮ್ಮುವಿನಲ್ಲಿ 2017ರಲ್ಲಿ ಉದ್ಘಾಟನೆಯಾದ ಚೆನಾನಿ–ನಾಶ್ರಿ ಸುರಂಗವನ್ನೂ ಇದೇ ವಿಧಾನದಲ್ಲಿ ನಿರ್ಮಿಸಲಾಯಿತು.

ಒಟ್ಟು ವೆಚ್ಚ ಸುಮಾರು 43.9 ಕೋಟಿ ಡಾಲರ್. 1990ರ ದಶಕದ ಅಂದಾಜುಗಳನ್ನು ಇದು ಬಹಳಷ್ಟು ಮೀರಿತ್ತು ಎಂಬುದನ್ನು ಸುರಂಗದ ಅಭಿಮಾನಿಗಳು ಸಾಮಾನ್ಯವಾಗಿ ಪ್ರಸ್ತಾಪಿಸುವುದಿಲ್ಲ. ಮತದಾನದಿಂದ ಉದ್ಘಾಟನೆಗೆ ಹದಿನಾರು ವರ್ಷಕ್ಕೂ ಹೆಚ್ಚು, ಮೊದಲ ಯೋಜನೆಯಿಂದ ಐವತ್ತೈದು ವರ್ಷ ಹಿಡಿಯಿತು. ವಿಳಂಬವೂ ಒಂದು ವೆಚ್ಚವೇ. 1995 ಮತ್ತು 2006ರ ಮುಚ್ಚುಗಡೆಗಳಲ್ಲಿ ಅದನ್ನು ತೆತ್ತವರು ಕ್ಯಾಲ್‌ಟ್ರಾನ್ಸಿನ ಎಂಜಿನಿಯರರೂ ಅಲ್ಲ, ದಾವೆ ಹೂಡಿದ ಸಂಘಟನೆಗಳೂ ಅಲ್ಲ. ಹಾಫ್ ಮೂನ್ ಬೇಯ ಅಂಗಡಿ, ಹೋಟೆಲುಗಳು. ಈ ಪ್ರಕರಣವನ್ನು ಶುದ್ಧ ವಿಜಯಗಾಥೆಯೆಂದು ಬಣ್ಣಿಸುವವರು ಆ ಲೆಕ್ಕವನ್ನೂ ಕೂಡಿಸಬೇಕು. ಹಾಗೆಯೇ, 1958ರ ಯೋಜನೆಗೇ ಅಂಟಿಕೊಂಡು ಮೂರು ದಶಕಗಳಿಗೂ ಹೆಚ್ಚು ಕಾಲ ಸುರಂಗವನ್ನು ಗಂಭೀರವಾಗಿ ಪರಿಶೀಲಿಸದಿದ್ದ ಇಲಾಖೆಯ ಪಾಲೂ ಅದರಲ್ಲಿದೆ.

ಕೈಬಿಟ್ಟ ರಸ್ತೆಯ ಗತಿಯೂ ಕುತೂಹಲಕರ. ಸುಮಾರು 1.3 ಮೈಲಿಯ ಹಳೆಯ ಹೆದ್ದಾರಿಯನ್ನು ಜಿಲ್ಲೆಯ ಉದ್ಯಾನ ಇಲಾಖೆಗೆ ವಹಿಸಿ, 2014ರ ಮಾರ್ಚ್‌ನಲ್ಲಿ ಪಾದಚಾರಿಗಳು ಮತ್ತು ಸೈಕಲ್ ಸವಾರರಿಗಾಗಿ ತೆರೆಯಲಾಯಿತು. ಹಿಂದೆ ವಾಹನ ಚಾಲಕರು ಭಯದಿಂದ ದಾಟುತ್ತಿದ್ದ ಜಾಗ ಈಗ ಜನ ಬೆಂಚಿನ ಮೇಲೆ ಕುಳಿತು ಸಾಗರ ನೋಡುವ ತಾಣ. ಎದುರಿನ ಬಂಡೆಯ ಮೇಲೆ ಗೂಡು ಕಟ್ಟುವ ಮರ್ ಎಂಬ ಕಡಲಹಕ್ಕಿಗಳು 1986ರ ತೈಲ ಸೋರಿಕೆಯಲ್ಲಿ ನಾಶವಾಗಿದ್ದವು. 1996ರಿಂದ ವಿಜ್ಞಾನಿಗಳು ಅಲ್ಲಿ ಮರದ ಬೊಂಬೆ ಹಕ್ಕಿಗಳನ್ನೂ ಕನ್ನಡಿಗಳನ್ನೂ ಇಟ್ಟು, ಧ್ವನಿಮುದ್ರಿತ ಕೂಗನ್ನು ಕೇಳಿಸಿ ಅವನ್ನು ಮರಳಿ ಕರೆತಂದರು. ಪಕ್ಷಿವೀಕ್ಷಕರಿಗೆ ಇದೂ ಒಂದು ಆಕರ್ಷಣೆ.

ಅಗಲ ಹೆಚ್ಚಿದರೆ ದಟ್ಟಣೆ ತಗ್ಗುವುದೇ?

ಅಗಲೀಕರಣದ ಪರವಾದ ಪ್ರಬಲ ವಾದ ವಾಹನ ದಟ್ಟಣೆಯದು. ಅಮೆರಿಕದ ಹೆದ್ದಾರಿ ಸಾಮರ್ಥ್ಯ ಕೈಪಿಡಿಯ 2000ದ ಆವೃತ್ತಿಯ ಪ್ರಕಾರ ದ್ವಿಪಥ ರಸ್ತೆಯ ಗರಿಷ್ಠ ಸಾಮರ್ಥ್ಯ ಒಂದು ದಿಕ್ಕಿನಲ್ಲಿ ಗಂಟೆಗೆ 1,700 ಕಾರು, ಎರಡೂ ದಿಕ್ಕು ಸೇರಿ 3,200. ಇದನ್ನು ಮೀರಿದಾಗ ಸಾಲು ನಿಲ್ಲುತ್ತದೆ. ಆದರೆ ಈ ಅಂಕಿ ತಡೆಯಿಲ್ಲದೆ ಸಾಗುವ ರಸ್ತೆಗೆ ಸಂಬಂಧಿಸಿದ್ದು. ಊರೊಳಗಿನ ರಸ್ತೆಯ ಸಾಮರ್ಥ್ಯವನ್ನು ನಿರ್ಧರಿಸುವುದು ಪಥಗಳಿಗಿಂತ ಹೆಚ್ಚಾಗಿ ಸಿಗ್ನಲ್‌ಗಳು. ಹಸಿರು ದೀಪ ಗಂಟೆಯ ಅರ್ಧ ಕಾಲ ಮಾತ್ರ ಉರಿದರೆ ಸಾಮರ್ಥ್ಯವೂ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇನ್ನೊಂದು ಅಂಶ, ಹೊಸ ಪಥವೇ ಹೊಸ ವಾಹನಗಳನ್ನು ಸೆಳೆಯುವುದು. ಅರ್ಥಶಾಸ್ತ್ರಜ್ಞರಾದ ಜಿಲ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಅವರು ಅಮೆರಿಕದ ನಗರಗಳ ಅಂಕಿ-ಅಂಶಗಳನ್ನು ಆಧರಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂತರರಾಜ್ಯ ಹೆದ್ದಾರಿಗಳ ಪಥಗಳ ಒಟ್ಟು ಉದ್ದ ಎಷ್ಟು ಪಟ್ಟು ಹೆಚ್ಚುತ್ತದೆಯೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಹೆಚ್ಚುತ್ತದೆ. ಇದರಿಂದ ರಸ್ತೆ ಅಗಲೀಕರಣ ವ್ಯರ್ಥವೆಂದು ತೀರ್ಮಾನಿಸಬೇಕಿಲ್ಲ. ಹೆಚ್ಚಿದ ಓಡಾಟವೂ ಒಂದು ಬಗೆಯ ಪ್ರಯೋಜನವೇ. ಆದರೆ ದಟ್ಟಣೆ ನಿವಾರಣೆಯ ಹೆಸರಿನಲ್ಲಿ ಹಣ ಕೇಳುವಾಗ ಈ ಫಲಿತಾಂಶವನ್ನು ಅಲಕ್ಷಿಸುವುದು ಪ್ರಾಮಾಣಿಕ ಲೆಕ್ಕವಾಗದು.

ಪೆಸಿಫಿಕಾದ 1.3 ಮೈಲಿ

ಡೆವಿಲ್ಸ್ ಸ್ಲೈಡ್‌ನಿಂದ ಸ್ವಲ್ಪವೇ ಉತ್ತರಕ್ಕಿರುವ ಪೆಸಿಫಿಕಾ ಪಟ್ಟಣದೊಳಗೆ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಯಿತು. ಅಲ್ಲಿ ಹೆದ್ದಾರಿ ಈಗಾಗಲೇ ನಾಲ್ಕು ಪಥದ್ದು. ಪಟ್ಟಣ ಪ್ರದೇಶವಾದ್ದರಿಂದ ಗ್ರಾಮೀಣ ಭಾಗಗಳಿಗೆ ಮಾತ್ರ ಅನ್ವಯಿಸುವ ದ್ವಿಪಥದ ಕಲಮಿನ ರಕ್ಷಣೆ ಅದಕ್ಕಿಲ್ಲ. ಫಾಸ್ಲರ್ ಅವೆನ್ಯೂ ಮತ್ತು ರೇನಾ ಡೆಲ್ ಮಾರ್ ಅವೆನ್ಯೂಗಳ ಸಿಗ್ನಲ್‌ಗಳ ನಡುವೆ ಬೆಳಿಗ್ಗೆ, ಸಂಜೆ ವಾಹನಗಳ ಸಾಲು ನಿಲ್ಲುತ್ತದೆ. ಇದರ ನಿವಾರಣೆಗಾಗಿ ಸುಮಾರು 1.3 ಮೈಲಿಯನ್ನು ಆರು ಪಥಕ್ಕೆ ಅಗಲಗೊಳಿಸುವ ‘ಕಲೇರಾ ಪಾರ್ಕ್‌ವೇ’ ಯೋಜನೆಯನ್ನು ಕ್ಯಾಲ್‌ಟ್ರಾನ್ಸ್ ಸಿದ್ಧಪಡಿಸಿತು. ಪರಿಸರ ಪರಿಣಾಮದ ಕರಡು ವರದಿ 2011ರಲ್ಲಿ, ಅಂತಿಮ ವರದಿ 2013ರಲ್ಲಿ ಹೊರಬಂದವು. ಅಂದಾಜು ವೆಚ್ಚ ಐದು ಕೋಟಿ ಡಾಲರಿನ ಆಸುಪಾಸು.

ದಟ್ಟಣೆ ನಿಜವೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ ಅದು ದಿನದ ಕೆಲವೇ ಗಂಟೆಗಳದ್ದು, ಅದರಲ್ಲಿಯೂ ಶಾಲೆ ನಡೆಯುವ ದಿನಗಳಲ್ಲಿ ಹೆಚ್ಚು ಎಂಬುದನ್ನು ವಿರೋಧಿಸಿದವರು ಎತ್ತಿ ತೋರಿದರು. ಸಿಗ್ನಲ್‌ಗಳ ಸಮಯ ಹೊಂದಾಣಿಕೆ, ಶಾಲಾ ಬಸ್ಸುಗಳಂತಹ ಕಡಿಮೆ ಖರ್ಚಿನ ಕ್ರಮಗಳನ್ನು ಮೊದಲು ಪ್ರಯತ್ನಿಸಬೇಕು, ಊರಿನ ನಡುವೆ ಆರು ಪಥದ ಕಾಂಕ್ರೀಟ್ ಪಟ್ಟಿ ಹಾಸಿದರೆ ಸಾಗರಮುಖಿ ಪಟ್ಟಣವೆಂಬ ಹೆಸರಿಗೇ ಕುಂದು ಎಂಬುದು ಅವರ ನಿಲುವು. ಇದಕ್ಕಾಗಿ ‘ಪೆಸಿಫಿಕನ್ಸ್ ಫಾರ್ ಎ ಸೀನಿಕ್ ಕೋಸ್ಟ್’ ಎಂಬ ನಾಗರಿಕ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. ಸೆಂಟರ್ ಫಾರ್ ಬಯಾಲಾಜಿಕಲ್ ಡೈವರ್ಸಿಟಿ ಸಂಸ್ಥೆ ಕೈಜೋಡಿಸಿತು. ಆ ಪ್ರದೇಶವು ಅಳಿವಿನಂಚಿನ ಸ್ಯಾನ್ ಫ್ರಾನ್ಸಿಸ್ಕೊ ಗಾರ್ಟರ್ ಹಾವಿಗೂ ಕೆಂಪುಕಾಲಿನ ಕಪ್ಪೆಗೂ ಆಸರೆ. ಈ ಜೀವಿಗಳ ಮೇಲಾಗುವ ಪರಿಣಾಮದ ಬಗ್ಗೆ ನಡೆದ ಪರಿಶೀಲನೆ ಕೇಂದ್ರ ಕಾನೂನಿಗೆ ಅನುಗುಣವಾಗಿಲ್ಲವೆಂದು 2016ರಲ್ಲಿ ಕೇಂದ್ರ ಜಿಲ್ಲಾ ನ್ಯಾಯಾಲಯ ತೀರ್ಪು ನೀಡಿತು.

ದಟ್ಟಣೆಯ ತಕರಾರು ಕಪ್ಪೆ, ಹಾವಿನ ಹೆಸರಿನಲ್ಲಿ ಇತ್ಯರ್ಥವಾದದ್ದು ಡೆವಿಲ್ಸ್ ಸ್ಲೈಡ್‌ನ ಶಬ್ದಮಾಲಿನ್ಯದ ತೀರ್ಪನ್ನು ನೆನಪಿಸುತ್ತದೆ. ಆದರೆ ಒಂದು ವ್ಯತ್ಯಾಸ ದೊಡ್ಡದು. ಅಲ್ಲಿ ತಡೆಯಾಜ್ಞೆಯ ಬೆನ್ನಿಗೆ ಸುರಂಗವೆಂಬ ಸಿದ್ಧ ಪರ್ಯಾಯವೂ, ಅದಕ್ಕೆ ಮುಕ್ಕಾಲುಪಾಲು ಮತದಾರರ ಒಪ್ಪಿಗೆಯೂ ಬಂದಿತ್ತು. ಪೆಸಿಫಿಕಾದಲ್ಲಿ ಅಂತಹ ಒಂದೇ ದೊಡ್ಡ ಪರ್ಯಾಯವಿರಲಿಲ್ಲ. ಇದ್ದದ್ದು ಸಣ್ಣ ಸಣ್ಣ ಸುಧಾರಣೆಗಳ ಪಟ್ಟಿ. ಅವುಗಳಿಗೆ ಶಂಕುಸ್ಥಾಪನೆಯೂ ಇರುವುದಿಲ್ಲ, ಉದ್ಘಾಟನೆಯೂ ಇರುವುದಿಲ್ಲ. ಹಿಂದೆ ಬಿದ್ದು ಮಾಡಿಸುವವರೂ ಕಡಿಮೆ. ಆರು ಪಥದ ರಸ್ತೆ ಆಗಲಿಲ್ಲ. ರೇನಾ ಡೆಲ್ ಮಾರ್ ಸಿಗ್ನಲ್‌ನ ಎರಡೂ ಬದಿಗೆ ಹೆದ್ದಾರಿ ಇಂದಿಗೂ ನಾಲ್ಕು ಪಥದ್ದೇ. ಅಲ್ಲಿಂದ ದಕ್ಷಿಣಕ್ಕೆ ಕೆಲವು ಮೈಲಿ ಸಾಗಿದರೆ ಅದು ಎರಡಾಗಿ, ಸುರಂಗವನ್ನು ಹೊಕ್ಕು, ಮೊಂಟಾರಾದ ಬದಿಯಲ್ಲಿ ಮತ್ತೆ ಸಾಗರದ ಎದುರು ಹೊರಬರುತ್ತದೆ.